ರಾಮಸಮುದ್ರದ ಅತ್ತೆಯ ಹೋಟೆಲು ಯಾವ ದೇಶದಲ್ಲಿದೆ?

ಹೋಟೆಲಿನ ಬೋರ್ಡು ಓದಿ ಒಳಗೆ ಹೋಗುವ ಜನರನ್ನು ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ಊಟಕ್ಕೂ ಬೋರ್ಡಿಗೂ ಏನು ಸಂಬಂಧ? ನಮ್ಮ ಕಡೆ ಯಾರೂ ಬೋರ್ಡು ಓದುವುದಿಲ್ಲ. ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಖಾನಾವಳಿ ಇದೆ. ಬಾಗಿಲ ಮೇಲೆ ದೇವರ ಹೆಸರು, ದೇವರ ಚಿತ್ರ, ಸುತ್ತಲೂ ಮಿಣುಕು ದೀಪ, ಎಲ್ಲ ಇವೆ. ಆದರೆ ಊರೆಲ್ಲ ಅದನ್ನು ಕರೆಯುವುದು ‘ಕೆಮ್ಮೋ ಅಣ್ಣನ ಖಾನಾವಳಿ’ ಎಂದು. ಕೆಮ್ಮುತ್ತಿದ್ದ ಅಣ್ಣ ತೀರಿಕೊಂಡು ಬಹಳ ವರ್ಷವಾಯಿತು. ಈಗ ಗಲ್ಲಾದ ಮೇಲೆ ಕೂಡುವ ಅವನ ಮಗ ಕಲ್ಲಿನಂತೆ ಗಟ್ಟಿಯಾಗಿದ್ದಾನೆ, ಒಮ್ಮೆಯೂ ಕೆಮ್ಮಿದ್ದನ್ನು ನಾನು ಕೇಳಿಲ್ಲ. ಆದರೂ ಹೆಸರು ಹೋಗಿಲ್ಲ. ಯಾದಗಿರಿ ಸ್ಟೇಷನ್ನಿನ ಹತ್ತಿರ ‘ಸಿಟ್ಟಿನ ಮಾಮಾ’ ಇದ್ದಾನೆ, ಎರಡನೇ ಸಲ ಚಟ್ನಿ ಕೇಳಿದವರ ವಂಶವನ್ನೇ ವಿಚಾರಿಸುತ್ತಾನೆ. ಸುರಪುರದಲ್ಲಿ ‘ಮೆಟ್ಟಲಾ ಹತ್ತೋ ಚಹಾ’ ಇದೆ. ಬೋರ್ಡಿಗೆ ಇವತ್ತೊಂದು ಬಣ್ಣ, ನಾಳೆ ಇನ್ನೊಂದು. ಮನುಷ್ಯನ ಚಹರೆ ಮಾತ್ರ ತಲೆಯಲ್ಲಿ ಉಳಿಯುತ್ತದೆ. ಆದ್ದರಿಂದ ನಮ್ಮದೇ ಸರಿಯಾದ ಪದ್ಧತಿ ಎಂದು ನಾನು ಬಹಳ ಜನರಿಗೆ ಬುದ್ಧಿ ಹೇಳಿದ್ದೇನೆ. ಬುದ್ಧಿ ಹೇಳುವುದು ನನಗೆ ಬೇಸರವಿಲ್ಲದ ಕೆಲಸ. ಆದರೆ ಈ ಪದ್ಧತಿಯನ್ನು ಸಮುದ್ರ ದಾಟಿಸಬಾರದಿತ್ತು ಎಂಬುದು ಗೊತ್ತಾಗುವಷ್ಟರಲ್ಲಿ ನನ್ನ ಮನೆಯಲ್ಲಿ ಒಂದು ದೊಡ್ಡ ತಕರಾರೇ ಎದ್ದಿತ್ತು.

ತಕರಾರಿಗೆ ಬರುವ ಮೊದಲು ನಾನು ಸಮುದ್ರ ದಾಟಿದ್ದು ಹೇಗೆ ಎಂದು ಹೇಳಬೇಕು. ಶಹಾಪುರದಲ್ಲಿ ನನ್ನದು ಹಾರ್ಡ್‌ವೇರ್ ಅಂಗಡಿ. ಮೊದಲು ಸಂತೆಯಲ್ಲಿ ಗೋಣಿತಟ್ಟು ಹಾಸಿ ಮೊಳೆ, ಚಿಲಕ, ಬಾಗಿಲ ಕೀಲು ಮಾರುತ್ತಿದ್ದವನು, ಮುಂದೆ ಒಂದು ಕೋಣೆ ಹಿಡಿದೆ, ಅದರ ಮುಂದೆ ಪಕ್ಕದ ಕೋಣೆಯನ್ನೂ ಹಿಡಿದೆ. ಈ ದಂಧೆಯಲ್ಲಿ ಒಂದು ಚಂದದ ರೂಢಿ ಇದೆ. ಪೈಪು, ಬಣ್ಣ, ಸಿಮೆಂಟಿನ ಕಂಪನಿಗಳು ಹೆಚ್ಚು ಮಾಲು ಎತ್ತಿದ ಅಂಗಡಿಯವರನ್ನು ವರ್ಷಕ್ಕೊಮ್ಮೆ ಪರದೇಶಕ್ಕೆ ಕರೆದುಕೊಂಡು ಹೋಗುತ್ತವೆ. ನಾಲ್ಕು ರಾತ್ರಿ, ಐದು ಹಗಲು. ಗಂಡ ಹೆಂಡತಿ ಇಬ್ಬರಿಗೂ ಟಿಕೆಟ್ಟು. ಕಾಲೇಜಿನ ಮೇಷ್ಟ್ರುಗಳು ಪುಸ್ತಕದಲ್ಲಿ ಓದಿದ ಅಥೆನ್ಸನ್ನು ನಾನು ಪ್ಲಾಸ್ಟಿಕ್ ಪೈಪಿನ ಮೇಲೆ ಕೂತು ನೋಡಿದೆ ಎನ್ನಬಹುದು. ಸುರಪುರದಲ್ಲಿ ಬಣ್ಣದ ಅಂಗಡಿ ಇಟ್ಟಿರುವ ನನ್ನ ಗೆಳೆಯ ಮಹಿಬೂಬ್ ಸಾಬನೂ ಜೊತೆಗಿರುತ್ತಿದ್ದ. ಅವನ ಬೇಗಂ ವಿಮಾನ ಹತ್ತಲು ಒಪ್ಪದ ಕಾರಣ ಅವನು ಒಬ್ಬನೇ ಬರುತ್ತಿದ್ದ, ಬಂದವನು ನಮ್ಮಿಬ್ಬರ ನಡುವೆಯೇ ಇರುತ್ತಿದ್ದ.

ಇಂಥ ಪ್ರವಾಸದಲ್ಲಿ ಹಗಲು ಬಸ್ಸಿನಿಂದ ಇಳಿಸಿ ಮುರುಕಲು ಕಂಬಗಳನ್ನು ತೋರಿಸುತ್ತಾರೆ, ಸಂಜೆ ಎಲ್ಲರನ್ನೂ ಒಂದು ಇಂಡಿಯನ್ ಹೋಟೆಲಿಗೆ ತುಂಬುತ್ತಾರೆ. ಅಲ್ಲಿ ಪನೀರು. ಮಾರನೆಯ ದಿನವೂ ಪನೀರು. ಮೊದಲನೆಯ ಪ್ರವಾಸದಲ್ಲಿ, ಅಥೆನ್ಸಿನಲ್ಲಿ, ಎರಡನೇ ಸಂಜೆ ನನ್ನ ಹೆಂಡತಿ ಮಲ್ಲಮ್ಮ ತಟ್ಟೆಯನ್ನು ಹಿಂದಕ್ಕೆ ಸರಿಸಿದಳು.

“ಏನ್ರಿ, ಇದನ್ನ ತಿನ್ನಾಕ ವಿಮಾನ ಹತ್ತಬೇಕಿತ್ತೇನ್ರಿ? ಯಾದಗಿರ್ಯಾಗ ಸಿಗ್ತಿದ್ದಿಲ್ಲೇನು?”

“ಕಂಪನಿಯವ್ರು ಕೊಡಾಕತ್ತಾರ, ಫುಕಟ್ ಅದ. ಸುಮ್ನ ಉಣ್ಣು,” ಎಂದೆ.

“ಫುಕಟ್ ಅಂತ ಹೊಟ್ಟಿ ನಮ್ದಲ್ಲೇನು? ಮಹಿಬೂಬಣ್ಣ, ನೀವರ ಹೇಳ್ರಿ.”

ಮಹಿಬೂಬ್ ಆಗಲೇ ಎದ್ದು ನಿಂತಿದ್ದ. “ವೈನಿ ಮಾತು ಖರೇ ಅದ ಅಣ್ಣಾ. ಹೊರಗ ಮೀನ ಸುಡೋ ವಾಸನಿ ಬರಾಕತ್ತದ. ನಾ ಅಂತೂ ಹೊಂಟೆ.”

ಆ ಸಂಜೆಯಿಂದ ನಮ್ಮ ಮೂವರ ಕಂಪನಿ ಬೇರೆಯಾಯಿತು. ಪನೀರು ಬಡಿಸುವ ಹೊತ್ತಿಗೆ ನಾವು ಮೆಲ್ಲಗೆ ಹಿಂದಿನ ಬಾಗಿಲಿನಿಂದ ಜಾರಿ ಓಣಿಗಳಲ್ಲಿ ತಿರುಗುತ್ತಿದ್ದೆವು. ಅಥೆನ್ಸು, ಮರುವರ್ಷ ನೇಪಲ್ಸು, ಅದರ ಮರುವರ್ಷ ಇಜ್ಮಿರು, ಕೊನೆಗೆ ಬಾರ್ಸಿಲೋನಾ. ನೀವು ಹೋಗುವುದಿದ್ದರೆ ನನ್ನ ಅನುಭವದ ಎರಡು ಮಾತು ಕೇಳಿಕೊಳ್ಳಿ. ಊಟದ ಫೋಟೋ ಹಾಕಿದ ಮೆನುವನ್ನು ಬಾಗಿಲಲ್ಲೇ ನಿಲ್ಲಿಸಿದ ಹೋಟೆಲಿಗೆ ಹೋಗಬೇಡಿ. ಅಲ್ಲಿ ಅಡುಗೆಯವನಿಗಿಂತ ಫೋಟೋ ತೆಗೆದವನಿಗೆ ಹೆಚ್ಚು ಕೈಗುಣ ಇರುತ್ತದೆ. ಯಾವ ಹೋಟೆಲಿನ ಒಳಗಿನಿಂದ ಬೈಗುಳ ಕೇಳಿಸುತ್ತದೆಯೋ, ಗಂಡ ಹೆಂಡತಿ ಅಡುಗೆಮನೆಯಲ್ಲಿ ಜಗಳ ಆಡುತ್ತಿದ್ದಾರೋ, ಅಲ್ಲಿ ಕಣ್ಣುಮುಚ್ಚಿ ಕೂತುಬಿಡಿ. ಬಾರ್ಸಿಲೋನಾಕ್ಕೆ ಹೋದರೆ ಮಧ್ಯಾಹ್ನವೇ ಎರಡು ಊಟ ಮಾಡಿಕೊಳ್ಳಿ. ಅಲ್ಲಿ ರಾತ್ರಿಯ ಊಟಕ್ಕೆ ಬಾಗಿಲು ತೆರೆಯುವ ಹೊತ್ತಿಗೆ ನಮ್ಮೂರಿನಲ್ಲಿ ಒಂದು ನಿದ್ದೆ ಮುಗಿದಿರುತ್ತದೆ. ನಾವು ಮೂವರೂ ಒಂದು ಹೋಟೆಲಿನ ಕಟ್ಟೆಯ ಮೇಲೆ ರೇಷನ್ ಅಂಗಡಿ ತೆರೆಯುವುದನ್ನು ಕಾಯುವವರ ಹಾಗೆ ಕೂತದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಆಗ ಮಾತ್ರ ಬಂದಿರಲಿಲ್ಲ.

ಆ ಹೋಟೆಲುಗಳ ಹೆಸರು ನಮಗೆ ಹೇಗೆ ಗೊತ್ತಿರಬೇಕು? ಅಕ್ಷರವೇ ಬೇರೆ, ನಾಲಿಗೆಯೇ ಬೇರೆ. ಹಾಗಾಗಿ ನಮ್ಮ ಪದ್ಧತಿಯನ್ನೇ ನಡೆಸಿದೆವು. ಅಥೆನ್ಸಿನಲ್ಲಿ ಒಬ್ಬ ಮಾಲೀಕ ಕುರ್ಚಿಯಿಂದ ಏಳದೆ ಕಣ್ಣಿನಲ್ಲೇ ಎಲ್ಲ ಕೆಲಸ ಮಾಡಿಸುತ್ತಿದ್ದ, ಥೇಟ್ ನಮ್ಮ ಪಕ್ಕದ ಗೋಗಿ ಊರಿನ ಶರಣಪ್ಪ ಗೌಡ. ಅದು ‘ಶರಣಪ್ಪನ ಹೋಟೆಲು’ ಆಯಿತು. ನೇಪಲ್ಸಿನಲ್ಲಿ ಒಬ್ಬ ಮಾಣಿ ಎರಡೂ ಕೈಯಲ್ಲಿ ತಟ್ಟೆ ಹಿಡಿದು, ಕೂತವರನ್ನೆಲ್ಲ ಮೊಣಕೈಯಿಂದ ಒತ್ತಿ ಒತ್ತಿ ಇನ್ನೂ ನಾಲ್ಕು ಜನಕ್ಕೆ ಜಾಗ ಮಾಡುತ್ತಿದ್ದ. ನಮ್ಮ ವಡಗೇರಾ ಬಸ್ಸಿನ ಕಂಡಕ್ಟರನ ತಮ್ಮನೇ ಇರಬೇಕು. ಅದು ‘ಕಂಡಕ್ಟರನ ಹೋಟೆಲು’. ಊರುಗಳಿಗೂ ಅದೇ ಗತಿ. ಅಥೆನ್ಸಿನಲ್ಲಿ ಊರ ನಡುವೆ ಗುಡ್ಡ, ಗುಡ್ಡದ ಮೇಲೆ ಹಳೆಯ ಕಟ್ಟಡ, ಕೆಳಗೆ ಗದ್ದಲ. ಯಾದಗಿರಿಯ ಕೋಟೆಯಂತೆಯೇ ಅಲ್ಲವೇ? ನೇಪಲ್ಸಿನಲ್ಲಿ ಬೆಟ್ಟ ಊರಿಗೆ ಅಡ್ಡಲಾಗಿ ಮಲಗಿರುವುದನ್ನು ಕಂಡು ಮಲ್ಲಮ್ಮ, “ಅಯ್ಯ, ನಮ್ಮ ಶಹಾಪುರದ ಗುಡ್ಡ ಇಲ್ಲಿಗ್ಯಾಕ ಬಂತ್ರಿ?” ಎಂದಿದ್ದಳು. ನಮ್ಮ ಗುಡ್ಡ ನೋಡಲು ಮಲಗಿದ ಬುದ್ಧನಂತಿದೆ. ಇದು ಬೆಂಕಿ ಕಾರುವ ಬೆಟ್ಟ ಎಂದು ಗೈಡು ಹೇಳಿದಾಗ, “ಇದೂ ಮಲಕ್ಕೊಂಡದಲ್ರಿ, ಸಾಕ್ ಬಿಡ್ರಿ,” ಎಂದಳು.

ಒಂದು ತೊಂದರೆ ಮಾತ್ರ ಎಲ್ಲ ಊರಿನಲ್ಲೂ ಇತ್ತು. ನಮ್ಮಲ್ಲಿ ಉಣ್ಣಲು ಕೂತವರು ‘ಸಾಕು’ ಎಂದರೆ ಅದು ಮರ್ಯಾದೆಯ ಮಾತು. ಎರಡನೇ ಸಲ ‘ಬ್ಯಾಡ್ರಿ, ಬ್ಯಾಡ್ರಿ’ ಎನ್ನುತ್ತ ಎರಡೂ ಕೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿಯುತ್ತೇವೆ. ಬಡಿಸುವವರು ನಮ್ಮ ಕೈಯನ್ನು ಸರಿಸಿ, ಬೆರಳ ಸಂದಿಯಿಂದಾದರೂ ಸರಿ, ಪಲ್ಯ ಹಾಕಿಯೇ ಹಾಕುತ್ತಾರೆ. ಆಗ ‘ಅಯ್ಯಯ್ಯ, ಎಷ್ಟು ಹಾಕಿದ್ರಿ’ ಎಂದು ಬೈದು ಸಂತೋಷದಿಂದ ಉಣ್ಣುತ್ತೇವೆ. ಅಲ್ಲಿಯ ಮಾಣಿಗಳಿಗೆ ಇದೇನೂ ಗೊತ್ತಿಲ್ಲ. ‘ನೋ’ ಎಂದರೆ ಬಾಗಿ ನಮಸ್ಕರಿಸಿ ತಟ್ಟೆ ಎತ್ತಿಕೊಂಡು ಹೋಗಿಬಿಡುತ್ತಿದ್ದರು. ಹೋಗುತ್ತಿರುವ ತಟ್ಟೆಯನ್ನು ಮಲ್ಲಮ್ಮ ನೋಡುತ್ತಿದ್ದ ನೋಟವನ್ನು ನಾನು ಮರೆತಿಲ್ಲ. ಅವಳಿಗೆ ಮೊದಲ ಸಲಕ್ಕೇ ‘ಹೂಂ’ ಎನ್ನಲು ಬರಲಿಲ್ಲ, ಅರವತ್ತರ ಹತ್ತಿರದ ಹೆಂಗಸಿಗೆ ಅದನ್ನು ಕಲಿಸಲು ನನಗೂ ಆಗಲಿಲ್ಲ.

ಒಂದೇ ಒಂದು ಕಡೆ ಹಾಗಾಗಲಿಲ್ಲ. ಸಣ್ಣ ಓಣಿ, ನಾಲ್ಕೈದು ಮೇಜು, ಬದನೆಕಾಯಿಯ ಯಾವುದೋ ಪಲ್ಯ. ಮಾಲೀಕಳು ಒಬ್ಬ ಮುದುಕಿ, ಕರಿ ಅಂಗಿ, ಕೂದಲು ಬಿಗಿದು ಕಟ್ಟಿದ ಗಂಟು. ಮಲ್ಲಮ್ಮ ಎಂದಿನಂತೆ ಬೇಡ ಬೇಡ ಎಂದು ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು. ಮುದುಕಿ ಅವಳ ಎರಡೂ ಕೈಯನ್ನು ಹಿಡಿದು ಎತ್ತಿ ತೊಡೆಯ ಮೇಲೆ ಇಟ್ಟಳು, ಸೌಟಿನಿಂದ ಬಡಿಸಿದಳು, ಕೆನ್ನೆ ತಟ್ಟಿ ಹೋದಳು. ಮಲ್ಲಮ್ಮ ಒಂದು ತುತ್ತು ಬಾಯಿಗಿಟ್ಟಳು. ಆಮೇಲೆ, “ಅತ್ತಿ ನೋಡ್ರಿ. ರಾಮಸಮುದ್ರದ ಅತ್ತಿ,” ಎಂದಳು. ಮಲ್ಲಮ್ಮನಿಗೆ ತಾಯಿ ಇರಲಿಲ್ಲ. ರಾಮಸಮುದ್ರದಲ್ಲಿದ್ದ ಸೋದರತ್ತೆ, ಅಂದರೆ ಅವಳ ಅಪ್ಪನ ತಂಗಿ, ಅವಳನ್ನು ಸಾಕಿ, ಮದುವೆ ಮಾಡಿ, ನನ್ನ ಕೈಗೆ ಕೊಟ್ಟಳು. ಆ ಅತ್ತೆ ಹೋದ ಮೇಲೆ ಇವಳ ಕೈ ಸರಿಸಿ ಬಡಿಸುವವರು ಯಾರೂ ಇರಲಿಲ್ಲ. ಬಡಿಸುವವಳು ಇವಳೇ ಆಗಿದ್ದಳು. ಹೀಗೆ ಅದು ‘ರಾಮಸಮುದ್ರದ ಅತ್ತೆಯ ಹೋಟೆಲು’ ಆಯಿತು, ನಾವು ಉಂಡು ವಾಪಸು ಬಂದೆವು.

ಈಗ ತಕರಾರು. ಅಂಗಡಿಯನ್ನು ಮಗಳು ವಿಜಯಾಳ ಕೈಗೆ ಕೊಟ್ಟೆ. ಅವಳು ನನಗಿಂತ ಜೋರಾಗಿ ನಡೆಸುತ್ತಾಳೆ. ಪರದೇಶ ಪ್ರವಾಸದ ಹಕ್ಕೂ ಅಂಗಡಿಯ ಜೊತೆಗೆ ಅವಳಿಗೇ ಹೋಯಿತು. ಮಲ್ಲಮ್ಮನ ಮೊಣಕಾಲು ಸವೆದಿದೆ, ಆಪರೇಷನ್ ಆಗಬೇಕು, ಆಮೇಲೆ ಇಷ್ಟು ದೂರದ ತಿರುಗಾಟ ಇಲ್ಲ ಎಂದು ಡಾಕ್ಟರು ಹೇಳಿದರು. ದವಾಖಾನೆಯಿಂದ ಹೊರಗೆ ಬರುತ್ತ ಅವಳು ಜೀವಮಾನದಲ್ಲಿ ಮೊದಲ ಸಲ ನನ್ನ ಮುಂದೆ ಬಾಯಿಬಿಟ್ಟು ಒಂದು ಆಸೆ ಹೇಳಿದಳು.

“ಕಾಲು ಕೊಯ್ಯೋಕಿಂತ ಮೊದ್ಲ ಒಮ್ಮಿ ಅತ್ತಿ ಹೋಟೆಲಿಗೆ ಹೋಗಿ ಬರೋಣ್ರಿ. ನಮ್ಮ ರೊಕ್ಕದಾಗ. ಆ ಮುದುಕಿ ಇನ್ನೂ ಅದಾಳೋ ಇಲ್ಲೋ.”

ನಾನು ವ್ಯಾಪಾರಿ. ಕಂಪನಿಯ ಖರ್ಚಿನಲ್ಲಿ ನೋಡಿದ ಊರನ್ನು ಸ್ವಂತ ಖರ್ಚಿನಲ್ಲಿ ಮತ್ತೆ ನೋಡುವುದೆಂದರೆ ನನ್ನ ಇಡೀ ಧರ್ಮಕ್ಕೇ ವಿರುದ್ಧ. ಆದರೂ ಅವಳ ಮುಖ ನೋಡಿ, “ನಡಿ, ನೇಪಲ್ಸಿಗೆ ಟಿಕೆಟ್ ತೆಗಸ್ತೀನಿ,” ಎಂದೆ.

ಅವಳು ರಸ್ತೆಯ ನಡುವೆಯೇ ನಿಂತಳು. “ನೇಪಲ್ಸ್ ಯಾಕ್ರಿ? ಅತ್ತಿ ಹೋಟೆಲ್ ಇದ್ದದ್ದು ಅಥೆನ್ಸಿನ್ಯಾಗ.”

“ನೇಪಲ್ಸ್.”

“ತಲೀ ಮ್ಯಾಲ ದ್ರಾಕ್ಷಿ ಬಳ್ಳಿ ಇತ್ತು. ಅಥೆನ್ಸ್.”

“ಓಣಿಗೆ ಅಡ್ಡ ಹಗ್ಗ ಕಟ್ಟಿ ಬಟ್ಟಿ ಒಣಹಾಕಿದ್ರು. ನೀರು ನನ್ನ ತಲೀ ಮ್ಯಾಲ ಬಿದ್ದಿತ್ತು. ನೇಪಲ್ಸ್!”

“ನಿಮ್ಮ ತಲೀ ಮ್ಯಾಲ ನೀರು ಯಾವ ಊರಾಗ ಬಿದ್ದಿಲ್ಲ ಹೇಳ್ರಿ?”

ನೀವು ಕೇಳಬಹುದು, ಫೋಟೋ ಇರಲಿಲ್ಲವೇ ಎಂದು. ಇದ್ದವು. ಹಳೆಯ ಫೋನಿನಲ್ಲಿದ್ದವು. ಆ ಫೋನನ್ನು ಹೊಸ ಫೋನು ಕೊಳ್ಳುವಾಗ ಬದಲಿಗೆ ಕೊಟ್ಟೆ. ಅಂಗಡಿಯವನು ಮೊದಲು ಹೇಳಿದ್ದಕ್ಕಿಂತ ಹೆಚ್ಚು ಬೆಲೆ ಕಟ್ಟಿಸಿಕೊಂಡೆ, ಗೆದ್ದ ಖುಷಿಯಲ್ಲಿ ಮನೆಗೆ ಬಂದೆ. ಫೋಟೋ ತೆಗೆದಿಟ್ಟುಕೊಂಡಿದ್ದೀರಾ ಎಂದು ವಿಜಯಾ ಕೇಳಿದಾಗ ಆ ಫೋನು ಯಾವ ಊರಿನಲ್ಲಿ ಯಾರ ಕಿವಿಯಲ್ಲಿತ್ತೋ. ಹಾಗೆ ನೋಡಿದರೆ ಆ ಫೋಟೋಗಳಿಂದ ಪ್ರಯೋಜನವೂ ಇರುತ್ತಿರಲಿಲ್ಲ. ಪರದೇಶದಲ್ಲಿ ನಾನು ತೆಗೆಯುತ್ತಿದ್ದದ್ದು ಬಾಗಿಲ ಚಿಲಕಗಳ ಫೋಟೋ.

ತೀರ್ಪಿಗೆ ಮಹಿಬೂಬನನ್ನು ಸುರಪುರದಿಂದ ಕರೆಸಿದೆವು. ಅವನು ಚಹಾ ಕುಡಿದು, ಇಬ್ಬರ ವಾದವನ್ನೂ ಕಣ್ಣು ಮುಚ್ಚಿ ಕೇಳಿ, ಗಡ್ಡ ನೀವಿಕೊಂಡ.

“ನೀವಿಬ್ರೂ ತಪ್ಪು. ಅದು ಇಜ್ಮಿರ್.”

“ಇಜ್ಮಿರ್!” ನಾವಿಬ್ಬರೂ ಒಟ್ಟಿಗೆ ಕೂಗಿದೆವು. ಆ ವಾರದಲ್ಲಿ ನಾವು ಒಂದೇ ಮಾತು ಆಡಿದ್ದು ಅದೊಂದೇ ಸಲ.

“ಕಸಂ ತಗೊಂಡು ಹೇಳ್ತೀನಿ ವೈನಿ. ಅವತ್ತು ನಾ ತಿಂದಂಥಾ ಮೀನ ಇಜ್ಮಿರ್ ಬಿಟ್ರ ಎಲ್ಲೂ ಸಿಗಂಗಿಲ್ಲ. ನಿಮಗ ಬದನಿಕಾಯಿ ನೆನಪದ, ಅಣ್ಣಗ ಚಿಲಕ ನೆನಪದ, ನನಗ ಮೀನ ನೆನಪದ.”

“ನಿಮ್ಮ ಮೀನಿನ ಮಾತು ಕೇಳಿ ನಾವು ವಿಮಾನ ಹತ್ತೂದಾ?” ಎಂದಳು ಮಲ್ಲಮ್ಮ.

ಇರುವುದು ಒಂದು ಪ್ರವಾಸ, ಊರುಗಳು ಮೂರು. ಜಗಳ ಮಾಡಿ ಇದು ಬಗೆಹರಿಯುವುದಿಲ್ಲ ಎಂದು ಮೊದಲು ಅರ್ಥವಾದದ್ದು ಮಲ್ಲಮ್ಮನಿಗೆ. ಅವಳು ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ನಿಂತಳು. ನಾಲಿಗೆಗೆ ಆ ಪಲ್ಯ ನೆನಪಿದೆ, ಮಾಡಿ ನೋಡುತ್ತೇನೆ, ಯಾವುದು ಕೂಡುತ್ತದೋ ನೋಡೋಣ ಎಂದಳು. ಅಲ್ಲಿಂದ ನಮ್ಮ ಮನೆಯಲ್ಲಿ ಬದನೆಕಾಯಿಯ ಕಾಲ ಶುರುವಾಯಿತು. ಪ್ರತಿ ರವಿವಾರ ಮಹಿಬೂಬ್ ಬಸ್ಸು ಹತ್ತಿ ಬರುತ್ತಿದ್ದ, ನ್ಯಾಯಾಧೀಶನ ಹಾಗೆ ಕೂಡುತ್ತಿದ್ದ. ಒಂದು ವಾರ ಬದನೆಕಾಯಿಯ ಮೇಲೆ ಹಾಲು ಹಿಟ್ಟಿನ ಲೇಪ. “ಚಲೋ ಅದ ವೈನಿ, ಆದ್ರ ಇದಲ್ಲ.” ಇನ್ನೊಂದು ವಾರ ಸುಟ್ಟು, ಮೊಸರು ಬೆರೆಸಿ. “ಇದೂ ಚಲೋ ಅದ. ಆದ್ರ ಅದಲ್ಲ. ಇನ್ನೊಂಚೂರು ಹಾಕ್ರಿ.” ಅವನು ಬೇಕೆಂದೇ ‘ಅಲ್ಲ’ ಎನ್ನುತ್ತಿದ್ದಾನೆ ಎಂಬ ಅನುಮಾನ ನನಗೆ ಬಂದಿತ್ತು. ಅವನ ಮನೆಯಲ್ಲಿ ಆಗ ಶುಗರ್ ಎಂದು ಬಾಯಿಗೆ ಬೀಗ ಹಾಕಿದ್ದರು.

ಮಲ್ಲಮ್ಮ ಮಾತ್ರ ಸೋಲಲಿಲ್ಲ. ನೆನಪನ್ನು ಜಗ್ಗಿ ಜಗ್ಗಿ ತೆಗೆಯುತ್ತಿದ್ದಳು. “ಮೊದ್ಲ ಹುಳಿ ಹತ್ತತಿತ್ತು, ಹಿಂದಿಂದ ಸಿಹಿ ಬರ್ತಿತ್ತು. ನಡುವ ಉಪ್ಪಿನಾಗ ನೆನಿಸಿದ ಹಸರು ಕಾಯಿ, ಸಣ್ಣು, ಹಲ್ಲಿಗೆ ಸಿಕ್ಕು ಪಟ್ ಅಂತಿತ್ತು.” ಆ ಕಾಯಿ ನಮ್ಮಲ್ಲಿಲ್ಲ. ಅವಳು ಕವಳಿಕಾಯಿಯ ಉಪ್ಪಿನಕಾಯಿಯನ್ನು ತೊಳೆದು ಹಾಕಿದಳು. ಹುಣಸೆಹುಳಿ, ಬೆಲ್ಲ, ಟೊಮೆಟೊ, ಎಣ್ಣೆಯಲ್ಲಿ ಕರಿದ ಬದನೆಕಾಯಿ. ನಾವು ಉಂಡೆವು. ಹತ್ತಿರ ಬಂದಿತ್ತು, ಆದರೆ ಅಲ್ಲ. ಏನೋ ಒಂದು ಹೆಚ್ಚಾಗಿತ್ತು, ಅದೇನೆಂದು ಯಾರಿಗೂ ತಿಳಿಯಲಿಲ್ಲ. ಮಹಿಬೂಬ್ ಅವತ್ತು ಬಸ್ಸು ತಪ್ಪಿಸಿಕೊಂಡು ನಮ್ಮಲ್ಲೇ ಮಲಗಿದ. ಬೆಳಿಗ್ಗೆ ನಾವಿಬ್ಬರೂ ಚಹಾಕ್ಕಿಂತ ಮೊದಲೇ ಖಡಕ್ ರೊಟ್ಟಿ ಮುರಿದುಕೊಂಡು, ಪಾತ್ರೆಯ ತಳದಲ್ಲಿ ಉಳಿದಿದ್ದ ತಣ್ಣಗಿನ ಪಲ್ಯವನ್ನು ಹಚ್ಚಿ ಬಾಯಿಗೆ ಇಟ್ಟೆವು. ಇಬ್ಬರೂ ಅಗಿಯುವುದನ್ನು ನಿಲ್ಲಿಸಿದೆವು.

“ವೈನಿ!” ಮಹಿಬೂಬ್ ಕೂಗಿದ. “ಬರ್ರಿ ಇಲ್ಲಿ! ಅತ್ತಿ ಬಂದಾಳ!”

ಮಲ್ಲಮ್ಮ ಬಂದು ಬೆರಳಿನಿಂದ ತೆಗೆದು ನಾಲಿಗೆಯ ಮೇಲೆ ಇಟ್ಟುಕೊಂಡಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. “ತಣ್ಣಗಿತ್ತು ಅಲ್ರಿ ಅದು,” ಎಂದಳು. “ನಾ ಬಿಸಿ ಬಿಸಿ ಮಾಡಿ ಹಾಕಾಕತ್ತೀನಿ. ಹುಚ್ಚಿ ನಾನು.”

ವಿಜಯಾ ಫೋನು ತೆಗೆದು, ಹುಳಿ-ಸಿಹಿ ಬದನೆಕಾಯಿ, ತಣ್ಣಗೆ ತಿನ್ನುವುದು, ಸಮುದ್ರದ ದಂಡೆ ಎಂದು ಹುಡುಕಿದಳು. “ಅಪ್ಪಾ, ಇದು ಸಿಸಿಲಿ ಅಂತ. ಪಲೆರ್ಮೊ ಅನ್ನೋ ಊರಿಂದು ಅಡಗಿ. ನೀವು ಪಲೆರ್ಮೊಕ್ಕ ಯಾವಾಗ ಹೋಗಿದ್ರಿ?”

ಹೋಗಿಲ್ಲ ಎಂದೆ ನಾನು. ಹೋಗಿಲ್ಲ ಎಂದಳು ಮಲ್ಲಮ್ಮ. ಮಹಿಬೂಬ್ ತಲೆ ಮೇಲೆ ಕೈ ಹೊತ್ತುಕೊಂಡ. “ಜಹಾಜು, ಅಣ್ಣಾ! ನೇಪಲ್ಸಿಂದ ಜಹಾಜಿನ್ಯಾಗ ಹಾಕಿ ಒಯ್ದಿದ್ರಲ್ಲ! ರಾತ್ರೆಲ್ಲ ಎಲ್ರೂ ವಾಂತಿ ಮಾಡ್ಕೊಂಡು, ಮುಂಜಾನಿ ಇಳದು, ಸಂಜಿಗೆ ಮತ್ತ ಹತ್ತಿದ್ವಿ!” ಆಗ ನೆನಪಾಯಿತು. ನಾವು ಅದನ್ನು ಬೇರೆ ಊರೆಂದೇ ತಿಳಿದಿರಲಿಲ್ಲ. ಕೃಷ್ಣೆ ದಾಟಿ ಆಚೆ ದಂಡೆಗೆ ಹೋಗಿ ಬಂದ ಹಾಗೆ, ನೇಪಲ್ಸಿನ ಆಚೆ ದಂಡೆ ಎಂದುಕೊಂಡಿದ್ದೆವು. ಹಾಗಾದರೆ ಅದು ನೇಪಲ್ಸ್ ಪ್ರವಾಸವೇ ಆದ್ದರಿಂದ ನಾನೇ ಗೆದ್ದಂತೆ ಎಂದು ಹೇಳಿ ನೋಡಿದೆ. ಯಾರೂ ಒಪ್ಪಲಿಲ್ಲ.

ಊರು ಸಿಕ್ಕಿತು, ಹೋಟೆಲು ಸಿಗಬೇಕಲ್ಲ. ಮಹಿಬೂಬನಿಗೆ ಬೇಗಂ ರಜೆ ಕೊಡಲಿಲ್ಲ. ನಾವಿಬ್ಬರೇ ಹೊರಟೆವು. ಇಲ್ಲಿ ನನ್ನ ಬುದ್ಧಿಯನ್ನು ನೀವು ಮೆಚ್ಚಬೇಕು. ಅತ್ತೆಯ ಹೋಟೆಲಿನ ಪಕ್ಕದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿ ಇದ್ದದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಊಟ ಆದ ಮೇಲೆ ಅಲ್ಲಿ ನಿಂತು ಚಿಲಕಗಳನ್ನು ಎಳೆದು ನೋಡಿದ್ದೆ, ಮಾಲು ನಮ್ಮದಕ್ಕಿಂತ ಗಟ್ಟಿ ಎಂದು ಹೊಟ್ಟೆ ಉರಿದುಕೊಂಡಿದ್ದೆ. ಹಾಗಾಗಿ ನಮ್ಮ ಅಂಗಡಿಯಿಂದ ಒಂದು ಹಿತ್ತಾಳೆ ಚಿಲಕವನ್ನು ಜೊತೆಗೆ ತೆಗೆದುಕೊಂಡೆ. ವಿಮಾನ ನಿಲ್ದಾಣದಲ್ಲಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದ ಪೊಲೀಸಿನವನಿಗೆ ಅದರ ತೂಕ, ಗುಣ, ಬಾಳಿಕೆ ಎಲ್ಲ ವಿವರಿಸಿದೆ. ಅವನು ಬೇಗ ಬಿಟ್ಟುಬಿಟ್ಟ. ಪಲೆರ್ಮೊದ ಓಣಿಗಳಲ್ಲಿ ಸಿಕ್ಕವರಿಗೆಲ್ಲ ಚಿಲಕ ತೋರಿಸಿ ಕೈ ಅಲ್ಲಾಡಿಸಿ ‘ಎಲ್ಲಿ?’ ಎಂದು ಕೇಳಿದೆ. ಜನ ಒಳ್ಳೆಯವರು, ಕೈಹಿಡಿದು ಕರೆದುಕೊಂಡು ಹೋಗಿ ಅಂಗಡಿಯ ಮುಂದೆ ನಿಲ್ಲಿಸುತ್ತಿದ್ದರು. ಮೊದಲನೆಯದರ ಪಕ್ಕದಲ್ಲಿ ಕ್ಷೌರದಂಗಡಿ. ಎರಡನೆಯದರ ಪಕ್ಕದಲ್ಲಿ ಚರ್ಚು. ಮಲ್ಲಮ್ಮ ಮೊಣಕಾಲು ಹಿಡಿದುಕೊಂಡು ಚರ್ಚಿನ ಮೆಟ್ಟಿಲ ಮೇಲೆ ಕೂತಳು.

“ಸಾಕ್ ಬಿಡ್ರಿ,” ಎಂದಳು. “ಇಷ್ಟ್ ದೂರ ಕರಕೊಂಡ್ ಬಂದ್ರಲ್ಲ, ಅದ ಸಾಕು.”

ಅವಳ ‘ಸಾಕು’ ಎಂದರೆ ಏನೆಂದು ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಗೊತ್ತಿರುವುದಿಲ್ಲವೇ? ಅವಳನ್ನು ಎಬ್ಬಿಸಿ, ತೋಳು ಹಿಡಿದುಕೊಂಡು ಮೂರನೆಯ ಅಂಗಡಿಗೆ ನಡೆಸಿದೆ. ತಿರುವು ದಾಟಿದ ಕೂಡಲೇ ನನ್ನ ನೆತ್ತಿಯ ಮೇಲೆ ಒಂದು ಹನಿ ನೀರು ಬಿತ್ತು. ಮೇಲೆ ನೋಡಿದರೆ ಒಣಹಾಕಿದ ಬಟ್ಟೆ. ಅದರ ಕೆಳಗೆ ದ್ರಾಕ್ಷಿ ಬಳ್ಳಿ. ಬಳ್ಳಿಯ ಕೆಳಗೆ ಕುರ್ಚಿಯಲ್ಲಿ ಅತ್ತೆ.

ಮುದುಕಿ ಇನ್ನೂ ಕುಗ್ಗಿದ್ದಳು, ಹುರುಳಿಕಾಯಿಯ ನಾರು ತೆಗೆದು ಸೋಸುತ್ತಿದ್ದಳು. ಮಲ್ಲಮ್ಮ ಅವಳ ಎದುರಿಗೆ ಹೋಗಿ ನಿಂತಳು. ಸೆರಗು ಸರಿಮಾಡಿಕೊಂಡಳು, ನಕ್ಕಳು. ಮುದುಕಿ ತಲೆ ಎತ್ತಿ ನೋಡಿದಳು, ಖಾಲಿ ಮೇಜಿನ ಕಡೆ ಬೆರಳು ತೋರಿಸಿದಳು, ಮತ್ತೆ ಕಾಯಿ ಸೋಸತೊಡಗಿದಳು. ಗುರುತು ಹತ್ತಲಿಲ್ಲ. ನನಗೆ ಎಷ್ಟು ಕೆಟ್ಟದೆನಿಸಿತೆಂದರೆ, ಟಿಕೆಟ್ಟಿನ ಖರ್ಚು ಕೂಡ ಆ ಕ್ಷಣಕ್ಕೆ ಮರೆತುಹೋಯಿತು. ಮಲ್ಲಮ್ಮ ಬಂದು ಕೂತಳು. ಪಲ್ಯ ಬಂತು. ಅರ್ಧ ಉಂಡ ಮೇಲೆ ಮುದುಕಿ ಬೋಗುಣಿ ಹಿಡಿದು ನಿಧಾನವಾಗಿ ಬಂದಳು. ಮಲ್ಲಮ್ಮ ಎರಡೂ ಕೈ ಅಡ್ಡ ಹಿಡಿದಳು. ಮುದುಕಿ ಬೋಗುಣಿಯನ್ನು ಮೇಜಿನ ಮೇಲೆ ಇಟ್ಟು, ಆ ಕೈಗಳನ್ನು ಎತ್ತಿ ತೊಡೆಯ ಮೇಲೆ ಇಟ್ಟು, ಬಡಿಸಿ, ಕೆನ್ನೆ ತಟ್ಟಿ ಹೋದಳು. ಹೋದವಳು ಪಕ್ಕದ ಮೇಜಿನ ಕೆಂಪು ಮುಖದ ದೊಡ್ಡ ಬಿಳಿಯನ ಕೈಯನ್ನೂ ಸರಿಸಿ ಬಡಿಸಿದಳು, ಅವನ ಕೆನ್ನೆಯನ್ನೂ ತಟ್ಟಿದಳು.

“ನೋಡ್ದೇನು?” ಎಂದೆ ಸಿಟ್ಟಿನಿಂದ. “ಬಂದೋರಿಗೆಲ್ಲ ಇದ ಮಾಡ್ತಾಳ. ಇದಕ್ಕ ಅಷ್ಟ್ ದೂರದಿಂದ ಬಂದ್ವಾ?”

ಮಲ್ಲಮ್ಮ ರೊಟ್ಟಿಯ ತುಂಡಿನಿಂದ ತಟ್ಟೆ ಒರೆಸುತ್ತ ನಕ್ಕಳು. ಕಣ್ಣು ಒದ್ದೆಯಾಗಿತ್ತು. “ನಮ್ಮ ಅತ್ತೀನೂ ಹಂಗ ಇದ್ದಳಲ್ರಿ. ದಾರ್ಯಾಗ ಹೋಗೋರನ್ನ ಕರದು ಕೂಡಿಸಿ ಉಣಸ್ತಿದ್ದಳು. ನನಗೊಬ್ಬಾಕಿಗೇ ಮಾಡಿದ್ರ ಈಕಿ ಅತ್ತಿ ಹೆಂಗಾಗ್ತಾಳ?”

ಮಾತಿನಲ್ಲಿ ಸೋತಾಗ ನಾನು ಬಿಲ್ಲು ತರಿಸುತ್ತೇನೆ. ಬಿಲ್ಲು ತಂದ ಮುದುಕಿ ಅದನ್ನು ನನ್ನ ಮುಂದೆ ಇಡುತ್ತ ನನ್ನ ಮುಖವನ್ನೇ ನೋಡಿದಳು. ಕನ್ನಡಕ ಏರಿಸಿಕೊಂಡು ಇನ್ನೊಮ್ಮೆ ನೋಡಿದಳು. ಒಮ್ಮೆಲೇ ಚಪ್ಪಾಳೆ ತಟ್ಟಿ, ಅಡುಗೆಮನೆಯ ಕಡೆ ತಿರುಗಿ ಏನೋ ಕೂಗಿದಳು. ಒಳಗಿನಿಂದ ಅವಳ ಮಗ, ಸೊಸೆ, ಪಾತ್ರೆ ತೊಳೆಯುವ ಹೆಂಗಸು, ಎಲ್ಲರೂ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಎಲ್ಲರೂ ನನ್ನನ್ನು ಮದುಮಗನನ್ನು ನೋಡುವಂತೆ ನೋಡಿದರು. ಮಗನಿಗೆ ನಾಲ್ಕು ಇಂಗ್ಲಿಷ್ ಮಾತು ಬರುತ್ತಿದ್ದವು. ಅವನು ನನ್ನ ಕಡೆ ಬೆರಳು ತೋರಿಸಿ, “ಕೋಲ್ಡ್! ಹಾಫ್!” ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ನಿಧಾನವಾಗಿ ವಿಷಯ ತಿಳಿಯಿತು. ಹಿಂದೆ ಬಂದಾಗ ನಾನು ಪಲ್ಯ ತಣ್ಣಗಿದೆ, ನಿನ್ನೆಯದು ಇರಬೇಕು, ಅರ್ಧ ಬೆಲೆ ತೆಗೆದುಕೊಳ್ಳಿ ಎಂದು ಜಗಳ ಮಾಡಿದ್ದೆನಂತೆ. ನಮ್ಮ ಖಾನಾವಳಿಗಳಲ್ಲಿ ತಣ್ಣಗಿನ ಪಲ್ಯಕ್ಕೆ ಇರುವ ಅರ್ಥ ಅದೊಂದೇ. ನನಗೆ ಆ ಜಗಳ ನೆನಪೇ ಇರಲಿಲ್ಲ. ಎಲ್ಲ ಊರಿನಲ್ಲೂ ಚೌಕಾಸಿ ಮಾಡುವವನಿಗೆ ಒಂದು ಊರಿನದು ಹೇಗೆ ನೆನಪಿರಬೇಕು? ಆದರೆ ಅವರ ಊರಿನಲ್ಲಿ ತಣ್ಣಗೇ ತಿನ್ನುವ ಆ ಪಲ್ಯವನ್ನು ತಣ್ಣಗಿದೆ ಎಂದು ಬೆಲೆ ಇಳಿಸಲು ಕೇಳಿದ ಮನುಷ್ಯ ಅದಕ್ಕೆ ಮೊದಲೂ ಬಂದಿರಲಿಲ್ಲ, ಆಮೇಲೂ ಬರಲಿಲ್ಲ. ಅವತ್ತಿನಿಂದ ಆ ಓಣಿಯಲ್ಲಿ ಯಾರಾದರೂ ಜಿಪುಣತನ ಮಾಡಿದರೆ ‘ಅರ್ಧದವನು’ ಎನ್ನುತ್ತಾರಂತೆ. ಮಗ ಅದನ್ನು ಬಹಳ ಗೌರವದಿಂದಲೇ ಹೇಳಿದ.

ನಾನು ಮಲ್ಲಮ್ಮನ ಮುಖ ನೋಡಲಿಲ್ಲ. ಜೇಬಿನಿಂದ ದುಡ್ಡು ತೆಗೆದು, ಬಿಲ್ಲಿನಲ್ಲಿ ಎಷ್ಟಿತ್ತೋ ಅಷ್ಟನ್ನೂ, ತುಟಿ ಎರಡು ಮಾಡದೆ ಮೇಜಿನ ಮೇಲೆ ಇಟ್ಟೆ. ನಗು ನಿಂತಿತು. ಮುದುಕಿ ದುಡ್ಡನ್ನು ನೋಡಿದಳು, ನನ್ನನ್ನು ನೋಡಿದಳು. ಮಗ ಸೊಸೆಯ ಮುಖ ನೋಡಿದ. ಪಾತ್ರೆ ತೊಳೆಯುವ ಹೆಂಗಸು ನಿರಾಸೆಯಿಂದ ಒಳಗೆ ಹೋಗಲು ತಿರುಗಿದಳು. ದೂರದೂರಿನಿಂದ ಬಂದ ಗವಾಯಿ ಹಾಡದೆ ಎದ್ದರೆ ಸಭೆ ಹೇಗೆ ಆಗುತ್ತದೋ ಹಾಗಾಯಿತು. ಅಂಗಡಿಯಲ್ಲಿ, ಸಂತೆಯಲ್ಲಿ, ಮದುವೆಯ ಜವಳಿಯಲ್ಲಿ, ಜೀವನವಿಡೀ ನನ್ನ ಚೌಕಾಸಿಗೆ ನಾಚಿ ಸೆರಗು ಮುಖಕ್ಕೆ ಹಿಡಿದವಳು ಮಲ್ಲಮ್ಮ. ಅವಳೇ ಮೇಜಿನ ಕೆಳಗಿನಿಂದ ನನ್ನ ತೊಡೆಗೆ ತಿವಿದಳು.

“ಕೇಳ್ರಿ,” ಎಂದಳು ಮೆಲ್ಲಗೆ. “ಪಾಪ, ಕಾಯಾಕತ್ತಾರ.”

ನಾನು ದುಡ್ಡನ್ನು ಹಿಂದಕ್ಕೆ ಎಳೆದುಕೊಂಡೆ. ಗಂಟಲು ಸರಿಮಾಡಿಕೊಂಡು, ತಟ್ಟೆಯ ಅಂಚನ್ನು ಬೆರಳಿನಿಂದ ಮುಟ್ಟಿ, ಮುಖ ಹುಳ್ಳಗೆ ಮಾಡಿ, “ಕೋಲ್ಡ್,” ಎಂದೆ. ಓಣಿಯೇ ಕೂಗಿತು. ಪಾತ್ರೆಯ ಹೆಂಗಸು ಓಡಿ ಬಂದಳು, ಪಕ್ಕದ ಹಾರ್ಡ್‌ವೇರ್ ಅಂಗಡಿಯವನೂ ಬಂದ. ನಾನು ಅರ್ಧ ಎಂದೆ, ಮುದುಕಿ ಎರಡು ಪಟ್ಟು ಎಂದಳು. ನಾನು ಎದ್ದು ಹೊರಟಂತೆ ಮಾಡಿದೆ, ಅವಳು ಹೋಗು ಎಂದು ದಾರಿ ತೋರಿಸಿದಳು. ಸಂತೆಯಲ್ಲಿ ಕಲಿತ ಪಟ್ಟುಗಳನ್ನೆಲ್ಲ ಹಾಕಿದೆ. ಅವಳೂ ಸಂತೆಯಲ್ಲೇ ಹುಟ್ಟಿದವಳಿರಬೇಕು, ಒಂದು ಚಿಲ್ಲರೆಯನ್ನೂ ಇಳಿಸಲಿಲ್ಲ. ಕೊನೆಗೆ ಪೂರ್ತಿ ದುಡ್ಡು ಕೊಟ್ಟು ಕೈಮುಗಿದೆ. ಅವಳು ನನ್ನ ಕೆನ್ನೆಯನ್ನೂ ತಟ್ಟಿದಳು, ಸ್ವಲ್ಪ ಜೋರಾಗಿಯೇ.

ಓಣಿಯ ತುದಿಯವರೆಗೆ ಮಲ್ಲಮ್ಮ ನನ್ನ ತೋಳು ಹಿಡಿದು ನಡೆದಳು. ಅವಳು ಏನೋ ಒಳ್ಳೆಯ ಮಾತು ಹೇಳುತ್ತಾಳೆ ಎಂದು ನಾನು ಕಾಯುತ್ತಿದ್ದೆ.

“ಇನ್ನೊಂದೀಟು ಜಗ್ಗಬೇಕಿತ್ತು ನೀವು,” ಎಂದಳು. “ಲಗೂನ ಬಿಟ್ಟುಬಿಟ್ರಿ.”